ಜಾಲಿಗಿಡದ ಕೆಳಗೆ ರೊಟ್ಟಿ ಮತ್ತು ನೀರು

ಅಲಖನೂರಿನಿಂದ, ಹಾರೂಗೇರಿಯಿಂದ, ಸುತ್ತಲಿನ ತೋಟದ ಮನೆಗಳಿಂದ ಈ ಮಳೆಯಲ್ಲಿ ಕರಿ ಮಣ್ಣಿನ ರಾಡಿ ತುಳಿದುಕೊಂಡು ಬಂದಿದ್ದೀರಿ. ಹಿಂದ ಕೂತವರು ಸ್ವಲ್ಪ ಮುಂದ ಬರ್ರಿ, ಅಲ್ಲಿ ನೀರು ಸೋರತೈತಿ. ತಾಯಂದಿರಿಗೆ ಜಾಗ ಬಿಡ್ರಿ.

ನಿಮ್ಮ ಬೈಬಲ್ ತೆರೆಯಿರಿ. ಒಂದನೆಯ ಅರಸುಗಳು 19ನೇ ಅಧ್ಯಾಯ. ಬೈಬಲ್ ಇಲ್ಲದವರು ಪಕ್ಕದವರ ಜೊತೆ ನೋಡಿಕೊಳ್ಳಿ.

ಈ ಅಧ್ಯಾಯದ ಹಿಂದಿನ ಅಧ್ಯಾಯ ನಮಗೆಲ್ಲಾ ಬಾಯಿಪಾಠ ಐತಿ. ಕರ್ಮೆಲ್ ಬೆಟ್ಟ, ಆಕಾಶದಿಂದ ಬಿದ್ದ ಬೆಂಕಿ. ಆ ಸಂದೇಶ ಹೇಳಿದರೆ ಸಭೆಯಲ್ಲಿ ಚಪ್ಪಾಳೆ ನಿಲ್ಲುವುದಿಲ್ಲ. ಆದರೆ 19ನೇ ಅಧ್ಯಾಯಕ್ಕೆ ಬಂದ ಕೂಡಲೇ ಅದೇ ಎಲೀಯ ಓಡುತ್ತಿದ್ದಾನೆ. ಈಜೆಬೆಲಳು ಒಂದು ಮಾತು ಹೇಳಿ ಕಳಿಸಿದ್ದಾಳೆ, ನಾಳೆ ಇಷ್ಟು ಹೊತ್ತಿಗೆ ನಿನ್ನ ಜೀವ ತೆಗೆಸುತ್ತೇನೆ ಅಂತ. ಬೇರ್ಷೆಬಕ್ಕೆ ಬಂದ, ಸೇವಕನನ್ನು ಅಲ್ಲೇ ಬಿಟ್ಟ, ಒಬ್ಬನೇ ಅಡವಿಯಲ್ಲಿ ಒಂದು ದಿನದ ದಾರಿ ನಡೆದ. ಒಂದು ಜಾಲಿಗಿಡದ ಕೆಳಗೆ ಕೂತ. ಜಾಲಿಗಿಡ ಅಂದ್ರ ನಮಗ ಹೇಳೂದು ಬ್ಯಾಡ, ನಮ್ಮ ಹೊಲದ ಬದುವಿನ ಮ್ಯಾಲ ನಿಂತೈತಿ. ನೆರಳು ಅಷ್ಟಕ್ಕಷ್ಟೇ, ಮುಳ್ಳು ಬೇಕಾದಷ್ಟು. ಅಲ್ಲಿ ಕೂತು ಆತ ದೇವರ ಹತ್ತಿರ ಏನು ಕೇಳಿದ? ನನಗೆ ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಅಂದ. ಹಂಗ ಅಂದು ಮಲಗಿಬಿಟ್ಟ.

ಈಗ ಗಮನ ಕೊಟ್ಟು ಓದ್ರಿ. ದೇವದೂತ ಬಂದ. ಬಂದು ಏನು ಮಾಡಿದ? ಮೊದಲು ಮುಟ್ಟಿದ. ಎದ್ದೇಳು, ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದ, ಕುಡಿದ, ತಿರುಗಿ ಮಲಗಿದ. ದೂತ ಸಿಟ್ಟಾಗಲಿಲ್ಲ. ಎರಡನೆಯ ಸಲ ಬಂದ, ತಿರುಗಿ ಮುಟ್ಟಿದ, ತಿರುಗಿ ಊಟಕ್ಕೆ ಎಬ್ಬಿಸಿದ. ಯಾಕಂದ್ರ ಮುಂದಿನ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಅಂತ ಆತನಿಗೆ ತಿಳಿಸಿದ.

ಇಲ್ಲಿ ದೂತ ಒಂದು ಪ್ರಶ್ನೆನೂ ಕೇಳಿಲ್ಲ. ಯಾಕ ಓಡಿ ಬಂದಿ, ನೀನೇನು ಮಾಡಿದಿ, ಈಜೆಬೆಲಳಿಗೆ ಸಿಟ್ಟು ಬರೂಹಂಗ ಯಾಕ ನಡಕೊಂಡಿ, ಯಾವುದನ್ನೂ ಕೇಳಲಿಲ್ಲ. ಪ್ರವಾದಿಯಾಗಿ ಸಾಯುವ ಮಾತು ಆಡಬಹುದಾ ಅಂತ ಗದರಿಸಲಿಲ್ಲ. ಎಲೀಯ ಅಲ್ಲಿಂದ 40 ದಿನ, 40 ರಾತ್ರಿ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ ದೇವರು ಮೊದಲನೆಯ ಪ್ರಶ್ನೆ ಕೇಳಿದರು, ಇಲ್ಲಿ ನಿನಗೇನು ಕೆಲಸ ಅಂತ. ಆ ಪ್ರಶ್ನೆ ಬರುವಷ್ಟರಲ್ಲಿ ಆತ ಉಂಡಿದ್ದ, ಮಲಗಿ ಎದ್ದಿದ್ದ, ಬಹಳ ದೂರ ನಡೆದಿದ್ದ. ಅಪಾಯದ ಜಾಗ ಹಿಂದೆ ಉಳಿದಿತ್ತು.

ಈ ವಾಕ್ಯ ಇವತ್ತು ಯಾಕೆ ತೆಗೆದುಕೊಂಡೆ ಅಂದರೆ, ನಮ್ಮ ಸುತ್ತಮುತ್ತಲಿನ ಮನೆಗಳಲ್ಲಿ ಜಾಲಿಗಿಡದ ಕೆಳಗೆ ಕೂತ ತಾಯಂದಿರು ಇದ್ದಾರೆ. ಗಂಡನ ಕೈಯಿಂದ ಪೆಟ್ಟು ತಿಂದವರು. ಅತ್ತೆ ಮಾವನ ಬಾಯಿಂದ ಪೆಟ್ಟು ತಿಂದವರು, ಅದೂ ಪೆಟ್ಟೇ. ದುಡಿದ ಪಗಾರ ಕಸಿದುಕೊಂಡು ಕೈಯಲ್ಲಿ ಹತ್ತು ರೂಪಾಯಿ ಉಳಿಯದಂತೆ ಮಾಡಿದರೆ ಅದೂ ಪೆಟ್ಟೇ. ಇದನ್ನು ನಾನು ಹೇಳುತ್ತಿಲ್ಲ, ಈ ದೇಶದ ಕಾನೂನು ಹೇಳುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 2021ರವರೆಗೆ ನಡೆಯಿತು. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂತ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು 20ರ ಆಸುಪಾಸು ಇತ್ತು. ಹೊಡೆಯೋದು ಹೆಚ್ಚಾಯ್ತೋ, ಹೇಳುವ ಧೈರ್ಯ ಹೆಚ್ಚಾಯ್ತೋ, ಎರಡೂ ಇರಬಹುದು. ಈ ಕಡೆ ಸಾಲಿನಲ್ಲಿ ಕೂತ ತಾಯಂದಿರನ್ನು ಒಮ್ಮೆ ನೋಡಿರಿ, ಎಣಿಸಬೇಡಿರಿ, ಸುಮ್ಮನೆ ನೋಡಿರಿ.

ಯಾರ ಕಥೆಯನ್ನೂ ಇವತ್ತು ಈ ವೇದಿಕೆಯಿಂದ ಹೇಳುವುದಿಲ್ಲ. ಹೆಸರಂತೂ ಇಲ್ಲವೇ ಇಲ್ಲ. ನಮ್ಮ ಸಭೆಗಳಲ್ಲಿ ಸಾಕ್ಷಿ ಅಂದರೆ ಪ್ರೀತಿ, ನನಗೂ ಪ್ರೀತಿನೇ. ಆದರೆ ಕೆಲವು ಸಾಕ್ಷಿ ಸಂಜೆಯೊಳಗೆ ಊರ ಬಸ್ ಸ್ಟ್ಯಾಂಡಿಗೆ ಮುಟ್ಟತಾವ, ರಾತ್ರಿ ಆ ಮನೆ ಬಾಗಿಲಿಗೆ ಮುಟ್ಟತಾವ. ಆಮೇಲೆ ಆ ತಾಯಿ ಏನು ಅನುಭವಿಸುತ್ತಾಳೆ ಅನ್ನೋದು ಮೈಕ್ ಹಿಡಿದವರಿಗೆ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಒಂದು ಗಾದೆ ಐತಿ, ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ ಅಂತ. ಒಳ್ಳೆಯ ಗಾದೆ, ಸಣ್ಣ ಪುಟ್ಟ ಮುನಿಸಿಗೆ. ಆದರೆ ಉಣ್ಣಾಕ ಕೊಡದ ಮನೆಯಲ್ಲಿ, ಮಲಗಾಕ ಹೆದರುವ ಮನೆಯಲ್ಲಿ ಆ ಗಾದೆ ಹೇಳಬಾರದು. ಇನ್ನೊಂದು ಮಾತು ಕೇಳುತ್ತೇವೆ, ಒಳ್ಳೇ ಮನುಷ್ಯಾರಿ, ಕುಡದಾಗ ಅಷ್ಟ ಹಂಗ. ಕಬ್ಬಿನ ಬಿಲ್ಲು ಬಂದ ವಾರ ಈ ಮಾತು ಹೆಚ್ಚು ಕೇಳುತ್ತದೆ. ಸ್ವಲ್ಪ ವಿಚಾರ ಮಾಡ್ರಿ. ಕುಡಿದಾಗ ಆತ ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿಗೆ ಹೊಡೆಯುತ್ತಾನಾ? ಬೀಗರಿಗೆ ಹೊಡೆಯುತ್ತಾನಾ? ಎಷ್ಟೇ ಅಮಲಿದ್ದರೂ ದಾರಿ ತಪ್ಪದೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೊಡೆಯುತ್ತಾನೆ. ಯಾರಿಗೆ ಹೊಡೆದರೆ ಯಾರೂ ಕೇಳೂದಿಲ್ಲ ಅನ್ನೋದು ಅಮಲಿನಲ್ಲೂ ಆತನಿಗೆ ಗೊತ್ತಿರುತ್ತದೆ.

ಈಗ ನ್ಯಾಯಸ್ಥಾಪಕರು 19ನೇ ಅಧ್ಯಾಯ. ಇದನ್ನು ಭಾನುವಾರದ ದಿವಸ ಯಾರೂ ಓದುವುದಿಲ್ಲ, ಬೈಬಲ್ ಕಾಲೇಜಿನಲ್ಲೂ ನಮಗೆ ಬೇಗ ಬೇಗ ದಾಟಿಸಿದರು. ಎಫ್ರಾಯೀಮ್ ಬೆಟ್ಟದ ಸೀಮೆಯ ಒಬ್ಬ ಲೇವಿಯ. ಆತನ ಉಪಪತ್ನಿ ಆತನನ್ನು ಬಿಟ್ಟು ಬೇತ್ಲೆಹೇಮಿನ ತನ್ನ ತಂದೆಯ ಮನೆಗೆ ಬಂದಳು. ನಾಲ್ಕು ತಿಂಗಳು ಇದ್ದಳು. ಗಂಡ ಕರೆಯಲು ಬಂದ. ತಂದೆ ಅಳಿಯನನ್ನು ನೋಡಿ ಸಂತೋಷಪಟ್ಟ. ಮೂರು ದಿನ ಊಟ ಉಪಚಾರ. ನಾಲ್ಕನೇ ದಿನ ಇರು ಅಂದ, ಐದನೇ ದಿನವೂ ಇರು ಅಂದ. ಅಧ್ಯಾಯವನ್ನು ಪೂರ್ತಿ ಓದಿರಿ, ಆ ಮನೆಯಲ್ಲಿ ಮಗಳನ್ನು ಯಾರಾದರೂ ಒಂದು ಮಾತು ಕೇಳಿದ್ದು ಬರೆದಿದೆಯೇನು? ನಿನಗ ಹೋಗಾಕ ಮನಸ್ಸು ಐತೇನವ್ವಾ ಅಂತ? ಇಲ್ಲ. ಇಡೀ ಅಧ್ಯಾಯದಲ್ಲಿ ಆ ಹೆಣ್ಣುಮಗಳ ಬಾಯಿಂದ ಒಂದು ಮಾತೂ ಬರುವುದಿಲ್ಲ. ಅಳಿಯನ ಜೊತೆ ಕಳಿಸಿದರು. ಗಿಬೆಯದಲ್ಲಿ ಆ ರಾತ್ರಿ ಆಕೆಗೆ ಏನಾಯಿತು ಅನ್ನುವುದು ನಿಮಗೆ ಗೊತ್ತು. ಹೊರಗಿನ ದುಷ್ಟರ ಕೈಗೆ ಆಕೆಯನ್ನು ಒಪ್ಪಿಸಿದ್ದು ಕರೆದುಕೊಂಡು ಬಂದ ಅದೇ ಗಂಡ. ಬೆಳಿಗ್ಗೆ ಆಕೆ ಹೊಸ್ತಿಲ ಮೇಲೆ ಕೈ ಇಟ್ಟು ಬಿದ್ದಿದ್ದಳು.

ಹೊಸ್ತಿಲ ಮೇಲಿನ ಆ ಕೈಯನ್ನು ನಾನು ಬಹಳ ಸಲ ನೆನಸುತ್ತೇನೆ. ನಮ್ಮ ಕಡೆ ಹೆಣ್ಣುಮಗಳು ಗಂಟು ಹಿಡಕೊಂಡು ತವರಿಗೆ ಬಂದರೆ ಹಿರಿಯರು ಕೂಡುತ್ತಾರೆ, ಚಹಾ ಆಗತೈತಿ, ಅಳಿಯನ ಕಡೆಯವರಿಗೆ ಉಪ್ಪಿಟ್ಟು ಆಗತೈತಿ. ಇನ್ನ ಮ್ಯಾಲ ಹಂಗ ಮಾಡೂದಿಲ್ಲಂತ ಆತ ಒಂದು ಮಾತು ಹೇಳುತ್ತಾನೆ, ಸಂಜೀ ಬಸ್ಸಿಗೆ ಮಗಳನ್ನು ಹತ್ತಿಸುತ್ತಾರೆ. ಕೆಲವು ಊರುಗಳಲ್ಲಿ ಹಿರಿಯರ ಜೊತೆ ಪಾಸ್ಟರ್‌ಗಳೂ ಕೂಡುತ್ತಾರೆ, ಪ್ರಾರ್ಥನೆ ಮಾಡಿ ಕಳಿಸುತ್ತಾರೆ. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ ನಾನು. ಆದರೆ ಹುಡುಗಿಯನ್ನು ಒಬ್ಬಳನ್ನೇ ಕರೆದು, ಗಂಡನ ಕಡೆಯವರು ಇಲ್ಲದ ಜಾಗದಲ್ಲಿ, ಹೆಣ್ಣುಮಕ್ಕಳ ಮುಂದೆ ಒಂದು ಮಾತು ಕೇಳದೆ ಕಳಿಸುವುದು ಬೇತ್ಲೆಹೇಮಿನ ತಂದೆ ಮಾಡಿದ ಕೆಲಸವೇ.

ಎಫೆಸದವರಿಗೆ ಬರೆದ ಪತ್ರ 5:22 ಎಲ್ಲರಿಗೂ ಗೊತ್ತು. ಹೆಂಡತಿಯರು ಅಧೀನರಾಗಿರಬೇಕು ಅನ್ನೋ ವಚನ. ಗಂಡಸರಿಗೆ ಬೇರೆ ವಚನ ಬರದಿದ್ದರೂ ಇದು ಬರುತ್ತದೆ. ಅದರ ಹಿಂದಿನ 21ನೇ ವಚನದಲ್ಲಿ ಪೌಲ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕು ಅಂತಾನೆ. 25ರಲ್ಲಿ ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ಗಂಡಂದಿರು ಪ್ರೀತಿಸಬೇಕು ಅಂತಾನೆ. ಪ್ರಾಣ ಕೊಡಬೇಕು ಅಂದಾನ, ತಗೋಬೇಕು ಅಂದಿಲ್ಲ. ಮಲಾಕಿಯ 2:16 ಇನ್ನೊಂದು. ದೇವರು ವಿವಾಹ ವಿಚ್ಛೇದನವನ್ನು ದ್ವೇಷಿಸುತ್ತಾನೆ ಅಂತ ಹೇಳಿ ಬೈಬಲ್ ಮುಚ್ಚಿಬಿಡುತ್ತಾರೆ. ಮುಚ್ಚಬ್ಯಾಡ್ರಿ, ವಚನ ಇನ್ನೂ ಮುಗಿದಿಲ್ಲ. ಬಟ್ಟೆ ಹೊದ್ದುಕೊಂಡಂತೆ ಹಿಂಸೆಯನ್ನು ಹೊದ್ದುಕೊಳ್ಳುವವನನ್ನೂ ದೇವರು ದ್ವೇಷಿಸುತ್ತಾನೆ ಅಂತ ಅದೇ ವಚನದಲ್ಲಿದೆ. ಒಂದನೆಯ ಪೇತ್ರ 3:7 ಓದಿರಿ, ಹೆಂಡತಿಗೆ ಮಾನ ಕೊಡದ ಗಂಡನ ಪ್ರಾರ್ಥನೆಗೆ ಅಡ್ಡಿ ಬರುತ್ತದೆ ಅಂತಿದೆ. ಉಪವಾಸ ಕೂಟದಲ್ಲಿ ಗಟ್ಟಿಯಾಗಿ ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಅಣ್ಣಂದಿರು ಈ ವಚನದ ಕೆಳಗೆ ಗೆರೆ ಎಳೆದುಕೊಳ್ಳಲಿ.

ಕ್ಷಮಿಸಬೇಕಲ್ಲ ಪಾಸ್ಟರ್ ಅಂತ ಕೇಳುತ್ತೀರಿ. ಹೌದು, ಕ್ಷಮಿಸಬೇಕು. ದಾವೀದನನ್ನು ನೋಡಿರಿ. ಸೌಲ ಈಟಿ ಎಸೆದ, ದಾವೀದ ತಪ್ಪಿಸಿಕೊಂಡು ಅದೇ ರಾತ್ರಿ ಓಡಿದ. ಕೈಗೆ ಸಿಕ್ಕಾಗಲೂ ಸೌಲನನ್ನು ಮುಟ್ಟಲಿಲ್ಲ, ಎರಡು ಸಲ ಬಿಟ್ಟುಕೊಟ್ಟ. ಒಂದನೆಯ ಸಮುವೇಲ 26ರಲ್ಲಿ ಸೌಲ ತಪ್ಪಾಯಿತು ಅನ್ನುತ್ತಾನೆ, ಮಗನೇ ಹಿಂತಿರುಗಿ ಬಾ ಅನ್ನುತ್ತಾನೆ. ದಾವೀದ ಏನು ಮಾಡಿದ? ಈಟಿಯನ್ನು ವಾಪಸ್ ಕಳಿಸಿದ, ತಾನು ವಾಪಸ್ ಹೋಗಲಿಲ್ಲ. ತನ್ನ ದಾರಿ ಹಿಡಿದು ಹೋದ. ಆತನ ಹೃದಯದಲ್ಲಿ ದ್ವೇಷ ಇರಲಿಲ್ಲ, ಆದರೆ ಈಟಿಯ ಮುಂದೆ ಹೋಗಿ ಕೂಡುವುದು ಕ್ಷಮೆ ಅಲ್ಲ ಅನ್ನುವುದು ಆತನಿಗೆ ಗೊತ್ತಿತ್ತು. ಗಂಡ ನಿಜವಾಗಿ ಬದಲಾದರೆ ದೇವರಿಗೆ ಸ್ತೋತ್ರ. ಬದಲಾಗಿದ್ದಾನೋ ಇಲ್ಲವೋ ಅಂತ ನೋಡಲು ಕಾಲ ಬೇಕು, ಆ ಕಾಲದಲ್ಲಿ ಆಕೆ ಸುರಕ್ಷಿತ ಜಾಗದಲ್ಲಿ ಇರಬೇಕು.

ಕಾನೂನಿಗೆ ಬರುತ್ತೇನೆ ಅಂದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26. ಮೈಮೇಲಿನ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಮತ್ತು ಮನಸ್ಸಿನ ಹಿಂಸೆ, ಹಣಕಾಸಿನ ಹಿಂಸೆ, ನಾಲ್ಕೂ ಅದರಲ್ಲಿ ಬರುತ್ತವೆ. ವಿಚ್ಛೇದನ ಕೇಳದೆಯೇ ರಕ್ಷಣೆ ಕೇಳಬಹುದು, ಇದು ಬಹಳ ಮಂದಿಗೆ ಗೊತ್ತಿಲ್ಲ. ಮನೆ ಯಾರ ಹೆಸರಿನಲ್ಲಿದ್ದರೂ ಆ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗೆ ಇದೆ. ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು ಅಂತ ಬರೆದಿದೆ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳ ಮೇಲಿನ ಸಿಡಿಪಿಓ ಸಾಹೇಬರು, ಅವರೇ ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿ. ನಮಗೆ ರಾಯಬಾಗ. ವಕೀಲರ ಫೀ ಕೊಡಲು ಆಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟಿದ್ದರೂ ಸರಿ. 181ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಜೀವಕ್ಕೆ ಅಪಾಯ ಇದ್ದರೆ 112. ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಉಳಿಯಬಹುದು, ಡಾಕ್ಟರು, ವಕೀಲರು, ಪೊಲೀಸರ ಸಹಾಯ ಅಲ್ಲೇ.

ನೆರೆಹೊರೆಯವರಿಗೆ ಒಂದು ಮಾತು. ಹಿಂಸೆ ನಡೆಯುತ್ತಿದೆ ಅಂತ ನಿಮಗೆ ಅನಿಸಿದರೆ ನೀವೇ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ ಅಂತ ಕಾಯ್ದೆಯ 4ನೇ ಕಲಮಿನಲ್ಲೇ ಇದೆ. ನಮಗ್ಯಾಕ ಬೇಕ್ರಿ ಊರ ಉಸಾಬರಿ ಅನ್ನುವುದಕ್ಕೆ ಆ ಕಲಮು ಜಾಗ ಬಿಟ್ಟಿಲ್ಲ.

ಇದೆಲ್ಲಾ ಲೋಕದ ಕೆಲಸ, ಸಭೆಯ ಕೆಲಸ ಆತ್ಮಿಕವಾದದ್ದು ಅಂತ ಯಾರಾದರೂ ಅನ್ನಬಹುದು. ಅವರಿಗೆ ಪಂಡಿತಾ ರಮಾಬಾಯಿಯವರನ್ನು ನೆನಪು ಮಾಡಿಕೊಡುತ್ತೇನೆ. ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು, ತಂದೆ ಕಾರ್ಕಳ ಹತ್ತಿರದ ಮಾಳದವರು. ತಂದೆ ತಾಯಿಯ ಜೊತೆ ದೇಶವೆಲ್ಲಾ ಕಾಲ್ನಡಿಗೆಯಲ್ಲಿ ತಿರುಗಿದರು, ಬರಗಾಲದಲ್ಲಿ ಇಬ್ಬರನ್ನೂ ಕಳಕೊಂಡರು, ಗಂಡನನ್ನು ಬೇಗ ಕಳಕೊಂಡರು. 1883ರಲ್ಲಿ ದೀಕ್ಷಾಸ್ನಾನ ತಗೊಂಡರು. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು, ಆಮೇಲೆ ಪುಣೆ, ಆಮೇಲೆ ದೌಂಡ ದಾರಿಯ ಕೇಡಗಾಂವದಲ್ಲಿ ಮುಕ್ತಿ ಸದನ. ಬಾಲವಿಧವೆಯರು, ಬರಗಾಲದ ಅನಾಥರು, ಮನೆಯವರು ಕೈಬಿಟ್ಟವರು, ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು. ಅವರಿಗೆ ಬರೀ ಪ್ರಾರ್ಥನೆ ಕಲಿಸಿ ಕೂಡಿಸಲಿಲ್ಲ. ಬಾವಿ ತೋಡಿಸಿದರು, ಹೊಲ ಮಾಡಿದರು, ನೇಯ್ಗೆ, ಮುದ್ರಣಾಲಯ, ದನಕರು, ಶಾಲೆ. 1905ರಲ್ಲಿ ಪವಿತ್ರಾತ್ಮನ ಉಜ್ಜೀವನ ಎಲ್ಲಿ ಇಳಿಯಿತು? ಅಮೇರಿಕಾದ ಅಜೂಸಾ ಬೀದಿಗಿಂತ ಒಂದು ವರ್ಷ ಮೊದಲು, ಯಾರಿಗೂ ಬೇಡವಾದ ಆ ಹೆಣ್ಣುಮಕ್ಕಳು ಮಲಗುತ್ತಿದ್ದ ಕೋಣೆಗಳಲ್ಲಿ. ಪೆಂತೆಕೋಸ್ತಿನವರು ನಾವು, ಇದು ನಮ್ಮ ಮನೆತನದ ಇತಿಹಾಸ. ಆಮೆನ್ ಅನ್ನಲು ಹೆದರಬೇಡಿರಿ.

ಇನ್ನೂ ಹತ್ತಿರದ್ದು ಬೇಕೇನು? ಘಟಪ್ರಭಾಕ್ಕೆ ಹೋಗ್ರಿ. ಅಲ್ಲಿ 1997ರಲ್ಲಿ ದೇವದಾಸಿ ಪದ್ಧತಿಯಿಂದ ಹೊರಗೆ ಬಂದ ತಾಯಂದಿರೇ ಕೂಡಿ ಮಾಸ್ ಅನ್ನೋ ಸಂಸ್ಥೆ ಕಟ್ಟಿದರು. ಅದರ ಮುಂದಾಳು ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರದು ಬೇರೆ ನೋವು, ಬೇರೆ ಹೋರಾಟ, ಅದನ್ನು ಇದರ ಜೊತೆ ಕಲಸುವುದಿಲ್ಲ. ಆದರೆ ಅವರು ಮಾಡಿದ ರೀತಿ ನೋಡಿರಿ. ನೋವು ತಿಂದವರು ಇನ್ನೊಬ್ಬಾಕಿಯ ಮನೆಗೆ ಹೋಗಿ ಪಕ್ಕದಲ್ಲಿ ಕೂತರು. ಮೇಲಿನಿಂದ ಯಾರೋ ಬಂದು ಉಪದೇಶ ಮಾಡಿದ್ದಲ್ಲ.

ನಮ್ಮ ತಾಯಂದಿರ ಕೂಟದ ಕೆಲವರು ಈಗ ಇದೇ ಕೆಲಸ ಶುರು ಮಾಡಿದ್ದಾರೆ. ದೊಡ್ಡ ಕೆಲಸವಲ್ಲ. ಕೋರ್ಟಿನ ತಾರೀಖಿಗೆ ರಾಯಬಾಗಕ್ಕೆ ಜೊತೆಗೆ ಹೋಗುವುದು. ಅಲ್ಲಿ ಕೂಸನ್ನು ಎತ್ತಿಕೊಂಡು ಹೊರಗೆ ಕೂಡುವುದು. ಆಕೆಯ ಕಾಗದಪತ್ರಗಳ ಜೆರಾಕ್ಸ್ ಒಂದು ಸೆಟ್ಟು ತಮ್ಮ ಟ್ರಂಕಿನಲ್ಲಿ ಇಟ್ಟುಕೊಳ್ಳುವುದು. ಕರೆ ಬಂದರೆ ಎತ್ತುವುದು. ಲೂಕ 10ರ ಸಮಾರ್ಯದವನು ಗಾಯ ಕಟ್ಟಿದ, ತನ್ನ ಕತ್ತೆಯ ಮೇಲೆ ಕೂಡಿಸಿದ, ವಸತಿಗೃಹದವನಿಗೆ ಎರಡು ಬೆಳ್ಳಿನಾಣ್ಯ ಕೊಟ್ಟ, ತಿರುಗಿ ಬರುತ್ತೇನೆ ಅಂದ. ಕಳ್ಳರ ಜೊತೆ ರಾಜಿ ಮಾಡಿಸಲು ಆತ ಹೋಗಲಿಲ್ಲ. ನಮ್ಮ ತಾಯಂದಿರೂ ಗಂಡನ ಹತ್ತಿರ ಮಾತಾಡಲು ಹೋಗುವುದಿಲ್ಲ. ಅದು ಅವರ ಕೆಲಸವಲ್ಲ, ಅಪಾಯ ಕೂಡ.

ಮತ್ತೆ ಕೇಳಿಸಿಕೊಳ್ಳುವುದು. ಹೋರೇಬಿನಲ್ಲಿ ಎಲೀಯ ತನ್ನ ದುಃಖವನ್ನು ಎರಡು ಸಲ ಹೇಳುತ್ತಾನೆ, 10ನೇ ವಚನದಲ್ಲಿ ಒಮ್ಮೆ, 14ನೇ ವಚನದಲ್ಲಿ ಒಮ್ಮೆ. ಅದೇ ಮಾತು, ಅಕ್ಷರ ಬದಲಾಗಿಲ್ಲ. ಆಗಲೇ ಹೇಳಿದೆಯಲ್ಲ ಅಂತ ದೇವರು ಅನ್ನಲಿಲ್ಲ. ನೋವು ತಿಂದವರು ಹೇಳಿದ್ದನ್ನೇ ಹೇಳುತ್ತಾರೆ. ಹತ್ತು ಸಲ ಹೇಳಿದರೆ ಹನ್ನೊಂದನೇ ಸಲವೂ ಹೊಸದಾಗಿ ಕೇಳಬೇಕು. ಕೆಲವು ಸಲ ಆಕೆ ಹೊಡೆದವನ ಹತ್ತಿರವೇ ತಿರುಗಿ ಹೋಗುತ್ತಾಳೆ. ಮಕ್ಕಳ ಸಲುವಾಗಿ, ಇಲ್ಲಾ ಹೊಟ್ಟೆಪಾಡಿಗೆ. ಆಗ ಇಷ್ಟು ಮಾಡಿದ್ದೆಲ್ಲಾ ಹಾಳಾತು ಅಂತ ಮಾತು ಬಿಡಬೇಡಿರಿ. ದೂತ ಎರಡನೆಯ ಸಲವೂ ರೊಟ್ಟಿ ತಂದಿದ್ದ.

ಈಗ ಗೋಕಾಕ ಫಾಲ್ಸಿನ ವಿಷಯ. ತಾಯಂದಿರು ಒಂದು ದಿನದ ಪ್ರವಾಸ ಮಾಡುತ್ತಾರೆ ಅಂದ ಕೂಡಲೇ ಕೆಲವು ಅಣ್ಣಂದಿರು ನನ್ನ ಹತ್ತಿರ ಬಂದರು. ಕಷ್ಟದಲ್ಲಿರುವವರಿಗೆ ಫಾಲ್ಸ್ ಯಾಕ ಪಾಸ್ಟರ್, ಆ ದುಡ್ಡಿನಾಗ ಎರಡು ಚೀಲ ಜ್ವಾಳಾ ಕೊಡಬಹುದಲ್ಲ ಅಂದರು. ನ್ಯಾಯವಾದ ಪ್ರಶ್ನೆ. ಜೋಳವನ್ನೂ ಕೊಡೋಣ. ಆದರೆ ಮಾರ್ಕ 6:31 ತೆಗೆಯಿರಿ. ಶಿಷ್ಯರು ದಣಿದು ಬಂದಿದ್ದರು, ಜನ ಬರುತ್ತಾ ಹೋಗುತ್ತಾ ಇದ್ದುದರಿಂದ ಊಟಕ್ಕೂ ಪುರುಸೊತ್ತು ಇರಲಿಲ್ಲ. ಯೇಸು ಸ್ವಾಮಿ ಅವರನ್ನು ಜನರಿಲ್ಲದ ಜಾಗಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದರು, ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ. ಹೊರಗೆ ಕರೆದುಕೊಂಡು ಹೋಗುವುದು ಯೇಸು ಸ್ವಾಮಿ ಮಾಡಿದ ಸೇವೆ.

ಇನ್ನೊಂದು ಸಂಗತಿ. ನಮ್ಮ ಸೀಮೆಯಲ್ಲಿ ಪಂಚಮಿಗೆ ಅಣ್ಣ ತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಗಿಡಕ್ಕ ಜೋಕಾಲಿ ಕಟ್ಟತಾರ, ಉಂಡಿ ಕಟ್ಟತಾರ, ಅತ್ತಿ ಮನೀ ಕೆಲಸ ನಾಕು ದಿನ ಮರಿಬೇಕು. ವಿಶ್ವಾಸಿಗಳಾದ ಮೇಲೆ ನಾವು ಆ ಹಬ್ಬ ಮಾಡುವುದಿಲ್ಲ, ಸರಿ. ಆದರೆ ಹೆಣ್ಣುಮಗಳನ್ನು ಕರೆಯುವುದನ್ನೂ ಬಿಡಬೇಕು ಅಂತ ಯಾವ ವಚನದಲ್ಲಿದೆ? ನಮ್ಮಲ್ಲಿ ಎಷ್ಟೋ ತಾಯಂದಿರಿಗೆ ಯೇಸುವನ್ನು ನಂಬಿದ ದಿನವೇ ತವರಿನ ಬಾಗಿಲು ಮುಚ್ಚಿತು. ಗಂಡ ಹೊಡೆದರೆ ಹೋಗಲು ಆಕೆಗೆ ಮನೆ ಇಲ್ಲ, ಮತ್ತು ಇದು ಗಂಡನಿಗೂ ಗೊತ್ತು. ಆ ತವರು ಯಾರಾಗಬೇಕು? ಸಭೆ ಅಲ್ಲದೆ ಮತ್ತ್ಯಾರು?

ಹೋದ ವರ್ಷ ಮಳೆಗಾಲದಲ್ಲಿ ಅವರು ಹೋಗಿ ಬಂದರು. ಗಂಡಸರು ಯಾರೂ ಇಲ್ಲ, ನಾನೂ ಇಲ್ಲ. ಖರ್ಚು ಎಷ್ಟು ಅಂತ ಕೇಳಿದವರಿಗೆ ಹೇಳುತ್ತೇನೆ, ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅದಕ್ಕೆ ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ತೋರಿಸಬೇಕು, ಇಬ್ಬರು ತಾಯಂದಿರ ಕಾರ್ಡು ಗಂಡನ ಟ್ರಂಕಿನಲ್ಲಿ ಬೀಗದೊಳಗಿತ್ತು. ಅವರ ಟಿಕೆಟ್ ಕೂಟದವರು ತೆಗೆಸಿದರು. ರೊಟ್ಟಿ, ಶೇಂಗಾ ಚಟ್ನಿ, ಝುಣಕಾ, ಮೊಸರು ಮನೆಯಿಂದ. ಹೆಚ್ಚು ಖರ್ಚಾಗಿದ್ದು ಬರುವಾಗ ಮಕ್ಕಳಿಗೆ ಅಂತ ಕೊಂಡ ಕರದಂಟಿಗೆ.

ಘಟಪ್ರಭೆ ಅಲ್ಲಿ 170 ಅಡಿ ಕೆಳಗೆ ಬೀಳುತ್ತಾಳೆ. ಮಳೆಗಾಲದಲ್ಲಿ ನೀರು ಕೆಂಪು ಮಣ್ಣಿನ ಬಣ್ಣ. ಆ ಸಪ್ಪಳದಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಮನೆಯಲ್ಲಿ ಅತ್ತರೆ ಗೋಡೆಯ ಆಚೆ ಕೇಳುತ್ತದೆ ಅಂತ ಬಾಯಿಗೆ ಸೆರಗು ಒತ್ತಿಕೊಂಡು ಅಳುವವರು ಅಲ್ಲಿ ಗಟ್ಟಿಯಾಗಿ ಅಳಬಹುದು. ಅತ್ತರಂತೆ, ಆಮೇಲೆ ನಕ್ಕರಂತೆ. ಯಾಕ ನಕ್ಕಿರಿ ಅಂತ ನಾನು ಕೇಳಿಲ್ಲ.

ಒಂದೇ ಒಂದು ಮಾತನ್ನು, ಆ ತಾಯಿಯ ಒಪ್ಪಿಗೆ ತೆಗೆದುಕೊಂಡು, ಊರು ಹೆಸರು ಬಿಟ್ಟು ಹೇಳುತ್ತೇನೆ. ಚಹಾದ ಅಂಗಡಿಯಲ್ಲಿ ನಮ್ಮ ಅಕ್ಕಾರೊಬ್ಬರು ಕೇಳಿದರು, ನಿನಗ ಚಹಾ ಬೇಕೋ, ಕಾಫಿ ಬೇಕೋ ತಂಗೀ ಅಂತ. ಆಕೆಗೆ ಉತ್ತರ ಹೇಳಲು ಆಗಲಿಲ್ಲ. ನಿಮ್ಮಿಷ್ಟ ಅಂದಳು. ಇಲ್ಲ, ನಿನ್ನಿಷ್ಟ ಹೇಳು ಅಂದರು. ಸುಮಾರು ಹೊತ್ತು ನಿಂತು, ಆಮೇಲೆ ನನಗ ಯಾವುದು ಸೇರತೈತಿ ಅನ್ನೋದ ಮರತೀನ್ರೀ ಅಕ್ಕಾ ಅಂದಳಂತೆ. ಎಲ್ಲಿ ಕೂಡಬೇಕು, ಎಷ್ಟು ಗಂಟೆಗೆ ಏಳಬೇಕು, ಯಾರ ಜೊತೆ ಮಾತಾಡಬೇಕು, ಎಲ್ಲಾ ಇನ್ನೊಬ್ಬರು ಹೇಳಿ ಹೇಳಿ ಆಕೆಯ ಮನಸ್ಸು ಅಲ್ಲಿಗೆ ಬಂದಿತ್ತು. ಕೋರ್ಟಿಗೆ ಹೋಗಬೇಕೋ, ಬೇರೆ ಮನೆ ಮಾಡಬೇಕೋ ಅಂತ ದೊಡ್ಡ ನಿರ್ಧಾರ ಮಾಡು ಅಂತ ನಾವು ಆಕೆಗೆ ಹೇಳುತ್ತೇವೆ. ಚಹಾ ಬೇಕೋ ಕಾಫಿ ಬೇಕೋ ಅನ್ನುವುದು ಆಕೆಗೆ ಮೊದಲು ತಿರುಗಿ ಸಿಗಬೇಡವೇ? ಎರಡು ಚೀಲ ಜೋಳದಿಂದ ಅದು ಸಿಗುವುದಿಲ್ಲ. ಆಕೆ ಕಡೆಗೆ ಮಿರ್ಚಿ ಭಜಿ ಬೇಕು ಅಂದಳಂತೆ! ಹಲ್ಲೆಲೂಯಾ. ಎರಡು ಪ್ಲೇಟ್ ತಿಂದಳು.

ಈ ಸಲ ಹೋಗುವವರಿಗೆ ಕೆಲವು ಕಟ್ಟುನಿಟ್ಟು. ಫೋಟೋ ತೆಗೆಯುವುದಿಲ್ಲ. ಸಭೆಯ ವಾಟ್ಸಾಪ್ ಗ್ರೂಪಿಗೆ ಏನೂ ಹಾಕುವುದಿಲ್ಲ, ಸ್ಟೇಟಸ್ಸಿಗೂ ಇಲ್ಲ. ಒಂದು ಫೋಟೋ ಸಾಕು, ಆಕೆ ಎಲ್ಲಿದ್ದಾಳೆ, ಯಾರ ಜೊತೆ ಇದ್ದಾಳೆ ಅಂತ ಗಂಡನಿಗೆ ಗೊತ್ತಾಗಲು. ಯಾರೂ ಆಕೆಯ ಕಥೆ ಕೇಳುವುದಿಲ್ಲ, ಆಕೆಯೇ ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ನಮ್ಮ ಸಭೆಯವರಲ್ಲದ ತಾಯಂದಿರೂ ಬರುತ್ತಾರೆ. ಅವರ ಕೈಗೆ ಕರಪತ್ರ ಕೊಡಬೇಡಿರಿ, ಆ ದಿನ ಸಭೆಗೆ ಬರ್ರಿ ಅಂತ ಕರೆಯಬೇಡಿರಿ. ರೊಟ್ಟಿಗೆ ಗಾಳ ಕಟ್ಟುವುದು ಯೇಸು ಸ್ವಾಮಿಯ ರೀತಿಯಲ್ಲ. ಅವರು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದರು, ತಿರುಗಿ ಬಂದವನು ಒಬ್ಬನೇ, ಉಳಿದ ಒಂಬತ್ತು ಮಂದಿಯ ವಾಸಿಯನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ.

ಅಣ್ಣಂದಿರೇ, ನಿಮಗೂ ಕೆಲಸ ಇದೆ. ಆ ದಿನ ನಿಮ್ಮ ನಿಮ್ಮ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಿರಿ, ಎಮ್ಮೆ ಹಿಂಡಿರಿ, ಒಲೆ ಹಚ್ಚಿರಿ. ನಿಮ್ಮ ಹೆಂಡತಿ ಸೇವೆಗೆ ಹೋಗಿದ್ದಾಳೆ. ಮತ್ತೆ ನಿಮ್ಮ ಗೆಳೆಯ ಹೆಂಡತಿಗೆ ಹೊಡೆದೆ ಅಂತ ಕಟ್ಟೆಯ ಮೇಲೆ ನಗುತ್ತಾ ಹೇಳಿದರೆ ನೀವು ನಗಬೇಡಿರಿ. ಎದ್ದು ಬನ್ನಿರಿ, ಇಲ್ಲವೇ ಇದು ತಪ್ಪೋ ಮಾರಾಯಾ ಅಂತ ಮುಖಕ್ಕೆ ಹೇಳಿರಿ. ಈ ಮಾತು ಹೆಣ್ಣುಮಕ್ಕಳು ಹೇಳಿದರೆ ಆತ ಕೇಳುವುದಿಲ್ಲ, ನೀವು ಹೇಳಿದರೆ ಕೇಳಬಹುದು. ಈ ಸಭೆಯಲ್ಲೇ ಕೂತ ಯಾರಿಗಾದರೂ ಇವತ್ತು ತಲೆ ಎತ್ತಲು ಆಗುತ್ತಿಲ್ಲವಾದರೆ, ಕೂಟ ಮುಗಿದ ಮೇಲೆ ನಾನು ಹಿಂದಿನ ಕೋಣೆಯಲ್ಲಿ ಇರುತ್ತೇನೆ. ಬನ್ನಿ, ಮಾತಾಡೋಣ. ಆದರೆ ಒಂದನ್ನು ಮೊದಲೇ ಹೇಳುತ್ತೇನೆ. ನಿಮ್ಮ ಹೆಂಡತಿಯನ್ನು ವಾಪಸ್ ಕಳಿಸಿರಿ ಅಂತ ಕೇಳಲು ಬರಬೇಡಿರಿ, ಅದನ್ನು ನಾನು ಮಾಡಿಕೊಡುವುದಿಲ್ಲ.

ರೊಟ್ಟಿ ಮಾಡಿಕೊಡುವವರು ಹಿಂದಿನ ದಿನ ಸಂಜೆಯೊಳಗೆ ಪಾಸ್ಟರಮ್ಮನವರಿಗೆ ತಲುಪಿಸಿರಿ. ಯಾರು ಬರುತ್ತಾರೆ ಅಂತ ಯಾರೂ ಕೇಳಬೇಡಿರಿ, ರೊಟ್ಟಿ ಎಷ್ಟು ಬೇಕು ಅಂತ ಕೇಳಿರಿ. ನಲವತ್ತು ಸಾಕು ಅಂದಿದ್ದಾರೆ, ನೀವು ಅರವತ್ತು ಮಾಡಿರಿ. ಬೆಳಿಗ್ಗೆ ಹಾರೂಗೇರಿಯಿಂದ ಬಸ್ಸು. ಈಗ ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿರಿ. ತಾಯಂದಿರಲ್ಲಿ ಯಾರಿಗಾದರೂ ಪ್ರಾರ್ಥನೆ ಬೇಕಾದರೆ ಕೈ ಎತ್ತುವುದು ಬೇಡ, ಮುಂದೆ ಬರುವುದೂ ಬೇಡ, ನಿಂತಲ್ಲೇ ನಿಲ್ಲಿರಿ. ನಮ್ಮ ಅಕ್ಕಾರೇ ನಿಮ್ಮ ಹತ್ತಿರ ಬರುತ್ತಾರೆ. ಪ್ರಾರ್ಥನೆ ಮಾಡೋಣ.